ಪುದುಚೇರಿಯ ವೈಟ್ ಟೌನ್‌ನಲ್ಲಿ ಹಳೆಯ ಮನೆಯೊಂದರ ಅತಿಥಿಯಾಗುವುದು ಹೇಗೆ?

ರಾತ್ರಿ ಬಸ್ಸಿನಿಂದ ಇಳಿದು ಬೆಳಗಿನ ಆರು ಗಂಟೆಗೆ ಪುದುಚೇರಿಯ ಹಳೆಯ ಫ್ರೆಂಚ್ ಬಡಾವಣೆಯಾದ ವೈಟ್ ಟೌನ್‌ನ ಬೀದಿಗೆ ಕಾಲಿಟ್ಟರೆ ಮೊದಲು ಕಾಣುವುದು ಗೋಡೆಗಳು. ಆಳೆತ್ತರ ಮೀರಿದ, ಸಾಸಿವೆ ಹಳದಿ ಬಳಿದ, ಅಂಚಿಗೆ ಬಿಳಿ ಪಟ್ಟೆ ಎಳೆದ ಗೋಡೆಗಳು. ಕಾಗದದ ಹೂವಿನ ಬಳ್ಳಿ ಗೋಡೆ ಹತ್ತಿ ಬೀದಿಯ ಕಡೆಗೆ ಬಾಗಿರುತ್ತದೆ. ಮನೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಮರದ ಕದದಲ್ಲಿ ಒಬ್ಬರು ತಲೆ ತಗ್ಗಿಸಿ ನುಗ್ಗುವಷ್ಟು ದಿಡ್ಡಿ ಬಾಗಿಲು ಇರುತ್ತದೆ. ಅದನ್ನು ತಳ್ಳಿ ಒಳಗೆ ಹೋದಾಗಲೇ ಅಂಗಳ, ಅಂಗಳದ ನಡುವಿನ ಮರ, ಕಂಬಗಳ ಸಾಲು, ತಣ್ಣನೆಯ ಪಡಸಾಲೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ.

ಒಂದು ಕಾಲಕ್ಕೆ ವ್ಯಾಪಾರಿಗಳು, ಅಧಿಕಾರಿಗಳು, ಸಿರಿವಂತ ಕುಟುಂಬಗಳು ಬಾಳಿದ ಇಂಥ ಮನೆಗಳಲ್ಲಿ ಹಲವು ಈಗ ಹತ್ತಿಪ್ಪತ್ತು ಕೋಣೆಗಳ ಬುಟೀಕ್ ಹೋಟೆಲ್‌ಗಳಾಗಿವೆ. ನಮ್ಮಲ್ಲಿ ಹೋಟೆಲ್ ಎಂದರೆ ಮೊದಲು ದೋಸೆ, ಕಾಫಿ ನೆನಪಾಗುತ್ತದೆ. ತಂಗುವುದಕ್ಕೆ ಲಾಡ್ಜ್ ಎನ್ನುವುದು ರೂಢಿ. ಬುಟೀಕ್ ಹೋಟೆಲ್ ಈ ಎರಡಕ್ಕೂ ಸೇರದ ಮೂರನೆಯ ಬಗೆ. ಕೋಣೆಗಳು ಕಡಿಮೆ, ಒಂದರಂತೆ ಇನ್ನೊಂದಿಲ್ಲ, ಪ್ರತಿಯೊಂದರಲ್ಲೂ ಮಾಲೀಕರ ಅಭಿರುಚಿ ಎದ್ದು ಕಾಣುತ್ತದೆ. 1984ರಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ನ್ಯೂಯಾರ್ಕಿನಲ್ಲಿ ತೆರೆದ ಮಾರ್ಗನ್ಸ್ ಹೋಟೆಲಿನ ಕಾಲದಿಂದ ಈ ಹೆಸರು ಜಗತ್ತಿನ ಎಲ್ಲ ಕಡೆ ಬಳಕೆಗೆ ಬಂತು. ಹೆಸರನ್ನು ಯಾರು ಬೇಕಾದರೂ ಫಲಕದ ಮೇಲೆ ಬರೆಸಿಕೊಳ್ಳಬಹುದು. ಆದ್ದರಿಂದಲೇ ಆರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ.

ವೈಟ್ ಟೌನ್‌ನಲ್ಲಿ ನಾನು ಒಳ್ಳೆಯ ಕೋಣೆಯಲ್ಲೂ ಮಲಗಿದ್ದೇನೆ, ಕೆಟ್ಟ ಕೋಣೆಯಲ್ಲೂ ಮಲಗಿದ್ದೇನೆ. ಎರಡರಿಂದಲೂ ಕಲಿತದ್ದು ಒಂದೇ: ಕೋಣೆಗಿಂತ ಮೊದಲು ಮನೆಯನ್ನು ಆರಿಸಬೇಕು, ಮನೆಗಿಂತ ಮೊದಲು ಬೀದಿಯನ್ನು ಆರಿಸಬೇಕು. ಹೆಚ್ಚಿನವರು ಚಿತ್ರದಲ್ಲಿ ಹಾಸಿಗೆ ನೋಡಿ ಹಣ ಕಟ್ಟುತ್ತಾರೆ, ಬೀದಿಯನ್ನು ಅಲ್ಲಿಗೆ ಹೋದ ಮೇಲೆ ನೋಡುತ್ತಾರೆ. ಆ ಕ್ರಮವನ್ನು ತಿರುಗಿಸಿ ಹೇಳುವ ಪ್ರಯತ್ನ ಈ ಲೇಖನ.

ಮೊದಲ ಹೆಜ್ಜೆ: ಬೀದಿ

ಫ್ರೆಂಚರು 1674ರಲ್ಲಿ ನೆಲೆಯೂರಿದ ಊರು ಇದು. 1761ರಲ್ಲಿ ಬ್ರಿಟಿಷರು ಊರನ್ನು ನೆಲಸಮ ಮಾಡಿದರು. ಈಗ ಕಾಣುವ ಹಳೆಯ ಕಟ್ಟಡಗಳು ಬಹುಮಟ್ಟಿಗೆ ಅದರ ನಂತರ ಎದ್ದವು. ಬೀದಿಗಳು ಚದುರಂಗದ ಮಣೆಯಂತೆ ಒಂದನ್ನೊಂದು ನೇರವಾಗಿ ಕತ್ತರಿಸುತ್ತವೆ. ಪೂರ್ವಕ್ಕೆ ಕಡಲು, ಪಶ್ಚಿಮಕ್ಕೆ ಒಂದು ಉದ್ದನೆಯ ಕಾಲುವೆ. ಇವೆರಡರ ನಡುವಿನ ಕಿರಿದಾದ ಪಟ್ಟಿಯೇ ವೈಟ್ ಟೌನ್. ಕಾಲುವೆಯ ಆಚೆಗಿನದು ತಮಿಳು ಬಡಾವಣೆ. ಕಡಲಿನಿಂದ ಕಾಲುವೆಗೆ ನಡೆದು ಹೋಗಲು ಹತ್ತು ನಿಮಿಷ ಸಾಕು. ಆದರೂ ಆ ಹತ್ತು ನಿಮಿಷದಲ್ಲಿ ನಿದ್ದೆಯ ಗುಣವೇ ಬದಲಾಗುತ್ತದೆ.

ಕಡಲ ಮುಂದಿನ ಗೂಬರ್ ಅವೆನ್ಯೂದಲ್ಲಿ, ಎಂದರೆ ಎಲ್ಲರೂ ಬೀಚ್ ರೋಡ್ ಎನ್ನುವಲ್ಲಿ, ಅಲೆಯ ಸದ್ದು ಕೇಳುತ್ತದೆ. ಜೊತೆಗೆ ಜನರ ಸದ್ದೂ ಇರುತ್ತದೆ. ಸಂಜೆ ಆರರಿಂದ ಬೆಳಗ್ಗೆ ಏಳೂವರೆಯವರೆಗೆ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಸಂಜೆ ಊರಿಗೆ ಊರೇ ಅಲ್ಲಿ ಅಡ್ಡಾಡಲು ಬರುತ್ತದೆ. ಕಡಲು ಕಾಣಲೇಬೇಕು ಎನ್ನುವವರಿಗೆ ಈ ರಸ್ತೆ ಸರಿ. ಮರಳಿನ ತೀರದಲ್ಲಿ ಕುಳಿತು ಕಾಲು ತೋಯಿಸಿಕೊಳ್ಳುವ ಆಸೆ ಇದ್ದರೆ ಇನ್ನೊಮ್ಮೆ ಯೋಚಿಸಿ. ಈ ದಂಡೆಯ ಹೆಚ್ಚಿನ ಭಾಗ ಕಪ್ಪು ಬಂಡೆಗಳ ರಾಶಿ.

ಅದರ ಹಿಂದಿನ ದ್ಯೂಮಾ ಬೀದಿ, ರೊಮೇನ್ ರೋಲಾ ಬೀದಿ, ಸುಫ್ರೆನ್ ಬೀದಿಗಳಲ್ಲಿ ಮರಗಳ ನೆರಳು ದಟ್ಟ. ನನ್ನ ಮಟ್ಟಿಗೆ ತಂಗಲು ಇವೇ ಲೇಸು. ಆದರೆ ಒಂದು ಎಚ್ಚರ. ಹೆಸರಾಂತ ಕೆಫೆಗಳು, ಸಂಜೆಯ ಗುಂಪುಗಳು, ಹಳದಿ ಗೋಡೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಇರುವುದೂ ಇಲ್ಲೇ. ಶನಿವಾರ ಸಂಜೆ ಇಲ್ಲಿ ಕಾರು ನುಗ್ಗಿಸುವುದು ಹರಸಾಹಸ. ಬೀದಿಯ ಒಂದು ತುದಿ ಗಜಿಬಿಜಿಯಾಗಿದ್ದು ಇನ್ನೊಂದು ತುದಿ ಮೌನವಾಗಿರುವುದುಂಟು. ನಕ್ಷೆಯಲ್ಲಿ ಹೋಟೆಲನ್ನು ಗುರುತಿಸಿಕೊಂಡು ಸುತ್ತ ನೂರು ಮೀಟರಿನಲ್ಲಿ ಎಷ್ಟು ಕೆಫೆ, ಬಾರುಗಳಿವೆ ಎಂದು ಎಣಿಸಿ. ಎರಡು ನಿಮಿಷದ ಕೆಲಸ, ಎರಡು ರಾತ್ರಿಯ ನಿದ್ದೆ ಉಳಿಯುತ್ತದೆ.

ಕಾಲುವೆಗೆ ಹೊಂದಿಕೊಂಡ ಮನೆಗಳ ಬಗ್ಗೆ ನನಗೆ ಸ್ವಲ್ಪ ಅಳುಕಿದೆ. ಬೇಸಿಗೆಯಲ್ಲಿ ನೀರು ನಿಂತರೆ ವಾಸನೆ, ಸಂಜೆಯಾದರೆ ಸೊಳ್ಳೆ. ಅಲ್ಲೇ ಉಳಿಯುವುದಾದರೆ ಕಾಲುವೆಯ ಕಡೆಗೆ ಕಿಟಕಿ ಇಲ್ಲದ ಕೋಣೆ ಕೇಳಿ.

ಕಾಲುವೆ ದಾಟಿದರೆ ಇನ್ನೊಂದೇ ಲೋಕ. ತಮಿಳು ಮನೆಗಳು ಬೀದಿಗೆ ಬೆನ್ನು ಹಾಕುವುದಿಲ್ಲ. ಮುಂದೆ ತಿಣ್ಣೈ, ಅದು ನಮ್ಮ ಜಗಲಿಯೇ. ಒಳಗೆ ಆಕಾಶಕ್ಕೆ ತೆರೆದ ಮುಟ್ರಮ್, ಅದು ನಮ್ಮ ತೊಟ್ಟಿಯೇ. ತೊಟ್ಟಿ ಮನೆಯಲ್ಲಿ ಆಡಿ ಬೆಳೆದವರಿಗೆ ಅಲ್ಲಿ ಹೊಸತನಕ್ಕಿಂತ ಗುರುತಿನ ಸುಖ ಹೆಚ್ಚು. ವೈಸಿಯಾಲ್ ಬೀದಿಯನ್ನು ಹಳೆಯ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆ ಸಾಲಾಗಿ ದುರಸ್ತಿ ಮಾಡಿಸಿದೆ. ಅದನ್ನು ನೋಡಲೆಂದೇ ಒಮ್ಮೆ ಹೋಗಬಹುದು. ಈ ಭಾಗದಲ್ಲಿಯೂ ಒಳ್ಳೆಯ ಬುಟೀಕ್ ಹೋಟೆಲ್‌ಗಳಿವೆ, ದರವೂ ಎಷ್ಟೋ ಸಲ ಕಡಿಮೆ. ಬೆಳಗ್ಗೆ ರಂಗೋಲಿ, ಹೂವು ಮಾರುವವರ ಕೂಗು, ಫಿಲ್ಟರ್ ಕಾಫಿಯ ಘಮ ಬೇಕೆನ್ನುವವರು ಇಲ್ಲಿ ಹುಡುಕಿ.

ಬೀದಿಗಳಿಗೆ ಎರಡೆರಡು ಹೆಸರಿರುವುದನ್ನೂ ನೆನಪಿಡಿ. ಬುಸ್ಸಿ ಬೀದಿ ಎಂದರೂ ಲಾಲ್ ಬಹಾದ್ದೂರ್ ಶಾಸ್ತ್ರಿ ಬೀದಿ ಎಂದರೂ ಒಂದೇ. ಆಟೋ ಚಾಲಕರಿಗೆ ಹೋಟೆಲಿನ ಹೆಸರಿಗಿಂತ ಹತ್ತಿರದ ಚರ್ಚು, ಶಾಲೆ ಅಥವಾ ಉದ್ಯಾನದ ಹೆಸರು ಬೇಗ ಅರ್ಥವಾಗುತ್ತದೆ.

ಎರಡನೆಯ ಹೆಜ್ಜೆ: ದಿನ

ಹವೆ ಹಿತವಾಗಿರುವುದು ಜನವರಿ, ಫೆಬ್ರುವರಿಯಲ್ಲಿ. ಮೇ ತಿಂಗಳ ಮಧ್ಯಾಹ್ನ ಬೀದಿಯಲ್ಲಿ ನಡೆಯಲು ಆಗುವುದಿಲ್ಲ. ಕರ್ನಾಟಕದವರು ಮರೆಯುವ ಸಂಗತಿ ಒಂದಿದೆ: ನಮಗೆ ಮಳೆ ಜೂನ್‌ನಲ್ಲಿ, ಅಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿಯೇ ದಡಕ್ಕೆ ಅಪ್ಪಳಿಸಿ ಊರು ಮುಳುಗುವಂತೆ ಸುರಿಯಿತು. ಆ ತಿಂಗಳುಗಳಲ್ಲಿ ಹೋಗುವುದಾದರೆ ಹಣ ಹಿಂದಿರುಗಿಸುವ ಷರತ್ತುಳ್ಳ ಬುಕಿಂಗ್ ಮಾತ್ರ ಮಾಡಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಇನ್ನು ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಫೆಬ್ರುವರಿ 21, ಏಪ್ರಿಲ್ 24, ಆಗಸ್ಟ್ 15, ನವೆಂಬರ್ 24 ಅರವಿಂದಾಶ್ರಮದ ದರ್ಶನದ ದಿನಗಳು. ದೇಶದ ಎಲ್ಲೆಡೆಯಿಂದ ಭಕ್ತರು ಬರುತ್ತಾರೆ. ಜುಲೈ 14ರಂದು ಫ್ರೆಂಚ್ ರಾಷ್ಟ್ರೀಯ ದಿನದ ಸಂಭ್ರಮ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ದರ ಗಗನಕ್ಕೇರುತ್ತದೆ. ಇವನ್ನೆಲ್ಲ ಬಿಟ್ಟು ಮಂಗಳವಾರದಿಂದ ಗುರುವಾರದ ನಡುವಿನ ಎರಡು ರಾತ್ರಿ ಹಿಡಿದರೆ ಅದೇ ಕೋಣೆ ಕಡಿಮೆ ದರಕ್ಕೆ ಸಿಗುತ್ತದೆ. ಅದಕ್ಕಿಂತ ಮಿಗಿಲಾದ ಲಾಭ ಬೀದಿಯ ಮೌನ. ಬೆಂಗಳೂರು, ಚೆನ್ನೈ ಎರಡೂ ಊರಿನವರು ವಾರಾಂತ್ಯಕ್ಕೆ ಇಲ್ಲಿಗೇ ಬರುತ್ತಾರೆ ಎಂಬುದನ್ನು ಮರೆಯಬೇಡಿ.

ಮೂರನೆಯ ಹೆಜ್ಜೆ: ದರ ಮತ್ತು ತೆರಿಗೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಹಣ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಆ ಗೆರೆ ದಾಟಿದರೆ ಶೇ 18. 7,400 ರೂಪಾಯಿಯ ಕೋಣೆಗೆ 370 ರೂಪಾಯಿ ತೆರಿಗೆ ಸೇರಿ 7,770 ಆಗುತ್ತದೆ. 7,600 ರೂಪಾಯಿಯ ಕೋಣೆಗೆ 1,368 ರೂಪಾಯಿ ತೆರಿಗೆ ಸೇರಿ 8,968 ಆಗುತ್ತದೆ. ದರದಲ್ಲಿ ಇನ್ನೂರರ ಅಂತರ, ಕೈಯಿಂದ ಹೋಗುವುದು ಸುಮಾರು ಸಾವಿರದ ಇನ್ನೂರು. ದರ ಈ ಗೆರೆಯ ಆಸುಪಾಸಿನಲ್ಲಿದ್ದರೆ ನೇರವಾಗಿ ಹೋಟೆಲಿಗೆ ಫೋನ್ ಮಾಡಿ, 7,500ರ ಒಳಗೆ ಕೊಡಲಾಗುವುದೇ ಎಂದು ಕೇಳಿ. ವಾರದ ನಡುವಿನ ದಿನಗಳಲ್ಲಿ ಒಪ್ಪುವವರಿದ್ದಾರೆ. ಕೇಳುವುದರಲ್ಲಿ ಸಂಕೋಚ ಬೇಡ.

ಬುಕಿಂಗ್ ಆ್ಯಪ್‌ನಲ್ಲಿ ಕಾಣುವ ದರಕ್ಕೆ ತೆರಿಗೆ ಸೇರಿದೆಯೇ ಎಂದು ಕೊನೆಯ ಪುಟದವರೆಗೆ ಹೋಗಿ ನೋಡಿ. ಊಟದ ಸಂಕೇತಾಕ್ಷರಗಳೂ ತಿಳಿದಿರಲಿ. ಇಪಿ ಎಂದರೆ ಕೋಣೆ ಮಾತ್ರ. ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿ. ಎಂಎಪಿ ಎಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ. ಎಪಿ ಎಂದರೆ ಮೂರು ಹೊತ್ತೂ. ವೈಟ್ ಟೌನ್‌ನಲ್ಲಿ ಸಿಪಿ ಸಾಕು. ಇಂಥ ಮನೆಗಳ ಅಂಗಳದಲ್ಲಿ ನಿಧಾನವಾಗಿ ಮಾಡುವ ಬೆಳಗಿನ ತಿಂಡಿ ತಪ್ಪಿಸಿಕೊಳ್ಳುವಂಥದ್ದಲ್ಲ. ಆದರೆ ಮಧ್ಯಾಹ್ನ, ರಾತ್ರಿಯ ಊಟಕ್ಕೂ ಅಲ್ಲೇ ಕಟ್ಟಿಬಿದ್ದರೆ ಊರಿನ ರುಚಿ ನೋಡುವುದು ಯಾವಾಗ?

ನಾಲ್ಕನೆಯ ಹೆಜ್ಜೆ: ಹಣ ಕಟ್ಟುವ ಮುನ್ನ ಒಂದು ಫೋನ್

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಇಂಥ ಮನೆಗಳಲ್ಲಿ ಒಂದೇ ದರದ ಎರಡು ಕೋಣೆಗಳು ಅಜಗಜಾಂತರವಾಗಿರಬಹುದು. ಒಂದು ಯಜಮಾನರ ಮಲಗುವ ಕೋಣೆಯಾಗಿದ್ದಿರಬಹುದು, ಇನ್ನೊಂದು ಉಗ್ರಾಣ.

ನನ್ನ ಅನುಭವ ಹೇಳುತ್ತೇನೆ. ಹೆಸರು ಬೇಡ, ಅಂಗಳದ ಚಿತ್ರ ನೋಡಿ ಮನಸೋತು ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಕೋಣೆಯ ಬಾಗಿಲು ತೆರೆದರೆ ಅದೇ ಅಂಗಳ. ನೋಡಿ ಹಿಗ್ಗಿದೆ. ಸಂಜೆ ಏಳಕ್ಕೆ ಅಂಗಳದಲ್ಲಿ ಮೇಜುಗಳು ಬಂದವು. ಎಂಟಕ್ಕೆ ಹೊರಗಿನ ಗಿರಾಕಿಗಳು ತುಂಬಿದರು. ನನ್ನ ಬಾಗಿಲಿನಿಂದ ಮೂರು ಅಡಿ ದೂರದಲ್ಲಿ ಯಾರದೋ ಹುಟ್ಟುಹಬ್ಬ. ಹನ್ನೊಂದೂವರೆಯವರೆಗೆ ತಟ್ಟೆ, ಚಮಚಗಳ ಸದ್ದು ಮರದ ಬಾಗಿಲಿನ ಸಂದಿನಿಂದ ನೇರವಾಗಿ ದಿಂಬಿಗೆ ಬಂದು ಬೀಳುತ್ತಿತ್ತು. ಹಳೆಯ ಬಾಗಿಲುಗಳಿಗೆ ಸಂದು ಇದ್ದೇ ಇರುತ್ತದೆ, ಗಾಳಿಗೆಂದೇ ಬಿಟ್ಟದ್ದು. ತಪ್ಪು ಬಾಗಿಲಿನದಲ್ಲ. ನಾನು ಒಂದು ಪ್ರಶ್ನೆ ಕೇಳಿದ್ದರೆ ಮೇಲಿನ ಮಹಡಿಯ ಹಿಂಬದಿಯ ಕೋಣೆ ಅದೇ ದರಕ್ಕೆ ಸಿಗುತ್ತಿತ್ತು. ಮರುದಿನ ಕೇಳಿದಾಗ ಕೊಟ್ಟರು ಕೂಡ.

ಅಂದಿನಿಂದ ನಾನು ತಪ್ಪದೆ ಕೇಳುವ ಪ್ರಶ್ನೆಗಳು ಇವು:

1. ಕೋಣೆಯ ಕಿಟಕಿ ಎಲ್ಲಿಗೆ ತೆರೆಯುತ್ತದೆ? ಬೀದಿಗೋ, ಅಂಗಳಕ್ಕೋ, ಪಕ್ಕದ ಮನೆಯ ಗೋಡೆಗೋ? ಹೊರಕ್ಕೆ ಕಿಟಕಿಯೇ ಇಲ್ಲದ ಕೋಣೆಗಳೂ ಇವೆ.

2. ಹೊರಗಿನವರಿಗೂ ಊಟ ಬಡಿಸುವ ರೆಸ್ಟೊರೆಂಟ್ ಒಳಗಿದೆಯೇ? ಎಷ್ಟು ಹೊತ್ತಿನವರೆಗೆ? ಮಾಳಿಗೆಯ ಮೇಲೆ ಬಾರ್ ಇದೆಯೇ? ಇದ್ದರೆ ಅದರ ಕೆಳಗಿನ ಕೋಣೆ ಬೇಡ.

3. ಮೆಟ್ಟಿಲು ಎಷ್ಟು? ಹಳೆಯ ಮನೆಗಳಲ್ಲಿ ಲಿಫ್ಟ್ ಅಪರೂಪ, ಮರದ ಮೆಟ್ಟಿಲುಗಳು ಕಡಿದು. ಅಪ್ಪ, ಅಮ್ಮ, ಅಜ್ಜಿಯನ್ನು ಕರೆದುಕೊಂಡು ಹೋಗುವವರು ನೆಲಮಹಡಿಯ ಕೋಣೆಯನ್ನೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಮಂಚದ ಎತ್ತರವನ್ನೂ ಕೇಳಿ. ಕೆಲವು ಹಳೆಯ ಮಂಚಗಳನ್ನು ಹತ್ತಲು ಕಾಲುಮಣೆ ಬೇಕಾಗುತ್ತದೆ.

4. ಬಚ್ಚಲಿಗೆ ಪೂರ್ತಿ ಗೋಡೆ ಮತ್ತು ಬಾಗಿಲು ಇವೆಯೇ? ಅಂದಕ್ಕೆಂದು ಗಾಜಿನ ಗೋಡೆ ಇಡುವುದು, ಮಾಡು ಇಲ್ಲದೆ ಆಕಾಶಕ್ಕೆ ತೆರೆದಿಡುವುದು ಈಚಿನ ರೂಢಿ. ಗೆಳತಿಯರು, ಅಣ್ಣತಂಗಿ, ತಾಯಿಮಗ ಒಟ್ಟಿಗೆ ಉಳಿಯುವಾಗ ಇದು ದೊಡ್ಡ ಮುಜುಗರ.

5. ಮಕ್ಕಳಿಗೆ ಪ್ರವೇಶವಿದೆಯೇ? ಕೆಲವು ಚಿಕ್ಕ ಹೋಟೆಲ್‌ಗಳು ಇಷ್ಟು ವಯಸ್ಸಿನೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ ಎಂಬ ನಿಯಮ ಇಟ್ಟಿರುತ್ತವೆ. ಅಂಗಳದಲ್ಲಿ ಬೇಲಿಯಿಲ್ಲದ ಈಜುಕೊಳವಿದ್ದರೆ ಚಿಕ್ಕ ಮಗುವಿನ ತಾಯಿಗೆ ಬಿಡುವೇ ಇರುವುದಿಲ್ಲ.

6. ಕಾರು ಎಲ್ಲಿ ನಿಲ್ಲಿಸಬೇಕು? ‘ಪಾರ್ಕಿಂಗ್ ಇದೆ’ ಎಂದರೆ ಎಷ್ಟೋ ಕಡೆ ಬೀದಿಯ ಬದಿ ಎಂದೇ ಅರ್ಥ.

7. ವಿದ್ಯುತ್ ಹೋದರೆ ಎ.ಸಿ. ನಡೆಯುತ್ತದೆಯೇ, ಬರೀ ದೀಪ ಮತ್ತು ಫ್ಯಾನ್ ಮಾತ್ರವೇ?

ಉತ್ತರ ಸಿಕ್ಕ ಮೇಲೆ ಆ ಕೋಣೆಯದ್ದೇ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಕಳುಹಿಸಲು ಹೇಳಿ. ನಾಲ್ಕು ತಮಿಳು ಮಾತು ಆಡಿದರೆ ಆ ಕಡೆಯ ದನಿ ಮೆತ್ತಗಾಗುತ್ತದೆ. ‘ಸತ್ತಂ ಇಲ್ಲಾದ ರೂಮ್ ವೇಣುಂ’ ಎಂದರೆ ಸದ್ದಿಲ್ಲದ ಕೋಣೆ ಬೇಕು ಎಂದು. ಇಷ್ಟು ಬಂದರೆ ಕೆಲಸವಾಗುತ್ತದೆ.

ಐದನೆಯ ಹೆಜ್ಜೆ: ತಲುಪುವ ಹೊತ್ತು

ಬೆಂಗಳೂರಿನಿಂದ ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ಮಾರ್ಗವಾಗಿ ಮುನ್ನೂರ ಹತ್ತು ಕಿಲೋಮೀಟರ್ ಆಸುಪಾಸು. ರಾತ್ರಿ ಬಸ್ಸು ಬೆಳಗಿನ ಜಾವ ಇಳಿಸುತ್ತದೆ. ಕೋಣೆ ಸಿಗುವುದು ಮಧ್ಯಾಹ್ನ ಒಂದಕ್ಕೋ ಎರಡಕ್ಕೋ. ಈ ಏಳೆಂಟು ಗಂಟೆಯ ಅಂತರವನ್ನು ಮೊದಲೇ ಯೋಚಿಸದವರು ಬಾಗಿಲ ಬಳಿ ನಿಂತು ಜಗಳವಾಡುವುದನ್ನು ಕಂಡಿದ್ದೇನೆ. ಚಿಕ್ಕ ಹೋಟೆಲಿನಲ್ಲಿ ಖಾಲಿ ಕೋಣೆಯೇ ಇರುವುದಿಲ್ಲ, ಅವರು ಎಲ್ಲಿಂದ ಕೊಟ್ಟಾರು? ಹಿಂದಿನ ದಿನವೇ ಫೋನ್ ಮಾಡಿ, ಚೀಲ ಇಡಲು ಮತ್ತು ಮುಖ ತೊಳೆದು ಬಟ್ಟೆ ಬದಲಿಸಲು ಜಾಗ ಕೇಳಿ. ಬಹುತೇಕ ಒಪ್ಪುತ್ತಾರೆ. ಚೀಲ ಇಟ್ಟು ನೇರ ಕಡಲ ಕಡೆ ನಡೆಯಿರಿ. ಸೂರ್ಯ ನೀರಿನಿಂದ ಏಳುವುದನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ನೋಡಲಾಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದವರಿಗೆ ಇದು ವಿಶೇಷವಾಗಿ ಹಿಡಿಸುತ್ತದೆ.

ಗುರುತಿನ ಚೀಟಿ ಎಲ್ಲ ವಯಸ್ಕರದ್ದೂ ಇರಲಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಅದನ್ನು ಒಪ್ಪುವುದಿಲ್ಲ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಮೊಬೈಲಿನಲ್ಲಿ ಇಳಿಸಿಟ್ಟುಕೊಂಡರೆ ಒಳ್ಳೆಯದು. ಅಥವಾ ಚಾಲನಾ ಪರವಾನಗಿ ಕೊಡಿ.

ಆರನೆಯ ಹೆಜ್ಜೆ: ಕೋಣೆಯೊಳಗೆ

ಚೀಲ ಬಿಚ್ಚುವ ಮೊದಲು ಐದು ನಿಮಿಷ ಪರೀಕ್ಷೆ. ಎ.ಸಿ. ಹಾಕಿ, ಬಿಸಿನೀರು ಬಿಡಿ, ಕದದ ಅಗುಳಿ ಜಾರಿಸಿ ನೋಡಿ, ಹಾಸಿಗೆಯ ಮೇಲೆ ಕುಳಿತು ನೋಡಿ. ಗೋಡೆಯ ಬುಡದಲ್ಲಿ ಸುಣ್ಣ ಉಬ್ಬಿ ಪುಡಿಯಾಗಿದ್ದರೆ ಕಡಲ ಊರಿನ ಹಳೆಯ ಗೋಡೆಗೆ ಅದು ಸಹಜ, ಗಾಬರಿಯಾಗಬೇಡಿ. ಆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆದರೆ ಆಗಲೇ ಹೇಳಿ ಕೋಣೆ ಬದಲಿಸಿಕೊಳ್ಳಿ. ಒಂದು ರಾತ್ರಿ ಕಳೆದ ಮೇಲೆ ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ.

ನಂತರ ಕಿಟಕಿಯ ಬಳಿ ಹೋಗಿ. ಫ್ರೆಂಚ್ ಕಾಲದ ಕಿಟಕಿಗಳು ನೆಲದಿಂದ ತೊಲೆಯವರೆಗೆ ಇರುತ್ತವೆ. ಹೊರಗಿನ ಕದಗಳಲ್ಲಿ ಮರದ ಪಟ್ಟಿಗಳನ್ನು ಓರೆಯಾಗಿ ಜೋಡಿಸಿರುತ್ತಾರೆ. ಬೆಳಗ್ಗೆ ಬಿಸಿಲು ಬೀಳುವ ಕಡೆಯ ಕದ ಮುಚ್ಚಿದರೆ ಬಿಸಿಲು ಹೊರಗೇ ಉಳಿದು ಪಟ್ಟಿಗಳ ಸಂದಿನಿಂದ ಗಾಳಿ ಮಾತ್ರ ಬರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಆಗ ಎ.ಸಿ. ಆರಿಸಿ, ಎದುರುಬದುರಿನ ಎರಡು ಕಿಟಕಿ ತೆರೆದು ಅರ್ಧ ಗಂಟೆ ಸುಮ್ಮನೆ ಮಲಗಿ. ನೆಲದ ಮೇಲೆ ಬೆಳಕಿನ ಗೆರೆಗಳು ಏಣಿಯಂತೆ ಬಿದ್ದು ನಿಧಾನವಾಗಿ ಗೋಡೆ ಹತ್ತುತ್ತವೆ. ಆ ಮನೆ ಕಟ್ಟಿದವರು ಬೇಸಿಗೆಯನ್ನು ಹೇಗೆ ಕಳೆಯುತ್ತಿದ್ದರು ಎಂಬುದು ಆಗ ಮೈಗೆ ತಿಳಿಯುತ್ತದೆ. ಸಂಜೆ ಐದೂವರೆಗೆ ಮಾತ್ರ ಎಲ್ಲ ಮುಚ್ಚಿಬಿಡಿ, ಸೊಳ್ಳೆ ನುಗ್ಗುವ ಹೊತ್ತು ಅದು.

ಮಲಗಿದಲ್ಲಿಂದಲೇ ಮೇಲೆ ನೋಡಿ. ದಪ್ಪ ತೊಲೆಗಳು, ಅವುಗಳ ಮೇಲೆ ಒತ್ತೊತ್ತಾಗಿ ಜಂತೆಗಳು, ಜಂತೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿದ ತಾರಸಿ. ಮದ್ರಾಸ್ ತಾರಸಿ ಎಂದು ಇದರ ಹೆಸರು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇದೇ ತಾರಸಿ, ಇದೇ ಕೆಂಪು ಗಾರೆ ನೆಲ ಇದ್ದವು. ಬೆಂಗಳೂರಿನಲ್ಲಿ ಒಂದೊಂದಾಗಿ ಅವು ಬಿದ್ದು ಅಪಾರ್ಟ್‌ಮೆಂಟ್ ಆಗುವುದನ್ನು ನೋಡಿದ ನನಗೆ, ಇಲ್ಲಿ ಒಂದು ತಾರಸಿ ಇನ್ನೂ ನಿಂತಿದೆ ಎಂದರೆ ಅದಕ್ಕೆ ಹಣ ಕೊಟ್ಟದ್ದು ಸಾರ್ಥಕ ಎನಿಸುತ್ತದೆ. ಗೋಡೆಯ ಮೇಲೆ ಅಂಗೈ ಇಟ್ಟು ಸವರಿ. ಅಮೃತಶಿಲೆಯಂತೆ ನುಣುಪಾಗಿ, ತಣ್ಣಗಿದ್ದರೆ ಅದು ಸುಣ್ಣಕ್ಕೆ ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿ ಉಜ್ಜಿ ಹೊಳಪು ತಂದ ಹಳೆಯ ಗಾರೆ ಕೆಲಸ. ಹೊಸ ಬಣ್ಣಕ್ಕೆ ಆ ತಂಪು ಬರುವುದಿಲ್ಲ.

ಇಂಥ ಮನೆಗಳು ಗಟ್ಟಿಯೂ ಹೌದು, ಸೂಕ್ಷ್ಮವೂ ಹೌದು. ಬೀಚ್ ರೋಡಿನ ಮೇರಿ ಕಟ್ಟಡ, ಊರಿನ ಹಳೆಯ ಪುರಭವನ, 2014ರ ನವೆಂಬರ್‌ನ ಮಳೆಗೆ ಕುಸಿದು ಬಿತ್ತು. ಈಗ ಇರುವುದು ಅದೇ ರೂಪದಲ್ಲಿ ಮತ್ತೆ ಕಟ್ಟಿದ್ದು. ಆದ್ದರಿಂದ ಒದ್ದೆ ಟವೆಲನ್ನು ಹಳೆಯ ಮರದ ಕುರ್ಚಿಯ ಮೇಲೆ ಹರಡಬೇಡಿ, ಸೂಟ್‌ಕೇಸನ್ನು ಬಣ್ಣದ ಹೆಂಚಿನ ನೆಲದ ಮೇಲೆ ಎಳೆಯಬೇಡಿ, ಕಿಟಕಿಯ ಕದಗಳಿಗೆ ಗಾಳಿಕೊಕ್ಕೆ ಹಾಕದೆ ಹೊರಗೆ ಹೋಗಬೇಡಿ. ಕಡಲಗಾಳಿಗೆ ಆ ಕದ ಒಮ್ಮೆ ಬಡಿದರೆ ನೂರು ವರ್ಷದ ತಿರುಗಣಿ ಕಿತ್ತು ಬರುತ್ತದೆ.

ಏಳನೆಯ ಹೆಜ್ಜೆ: ಊಟ

ಬಾಗೆತ್ ಎಂಬ ಉದ್ದನೆಯ ಬ್ರೆಡ್, ಕ್ರೇಪ್ ಎಂಬ ತೆಳ್ಳನೆಯ ಫ್ರೆಂಚ್ ದೋಸೆ, ಮೀನಿನ ಸಾರು, ತರಕಾರಿ ಬೇಯಿಸಿ ಮಾಡುವ ರಾಟಟೂಯಿ ಎಲ್ಲವೂ ನಡೆದು ಹೋಗುವ ದೂರದಲ್ಲಿ ಸಿಗುತ್ತವೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಫ್ರೆಂಚ್ ತಿನಿಸುಗಳಲ್ಲಿ ಮೊಟ್ಟೆ ಇದೆಯೇ ಎಂದು ಪ್ರತಿ ಸಲ ಕೇಳಬೇಕು. ‘ಮುಟ್ಟೈ ಇರುಕ್ಕಾ?’ ಎಂದರೆ ಸಾಕು. ಎರಡನೆಯ ದಿನ ಇಡ್ಲಿ, ಸಾರಿಗೆ ಬಾಯಿ ಬಯಸಿದರೆ ಕಾಲುವೆ ದಾಟಿ ನೆಹರೂ ಬೀದಿ, ಮಿಷನ್ ಬೀದಿಯ ಕಡೆ ಹೋಗಿ.

ಬಿಲ್ಲು ನೋಡುವ ಅಭ್ಯಾಸವಿರಲಿ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ಕೋಣೆಗಳುಳ್ಳ ಹೋಟೆಲಿನೊಳಗಿನ ರೆಸ್ಟೊರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 18, ಹೊರಗಿನ ಸಾಮಾನ್ಯ ರೆಸ್ಟೊರೆಂಟಿನಲ್ಲಿ ಶೇ 5. ‘ಸೇವಾ ಶುಲ್ಕ’ ಎಂಬ ಸಾಲು ಕಂಡರೆ ಅದು ತೆರಿಗೆಯಲ್ಲ, ಕಡ್ಡಾಯವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ವಿನಯದಿಂದ ತೆಗೆಯಲು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಕೊಡಬೇಕೆನಿಸಿದ್ದನ್ನು ಬಡಿಸಿದವರ, ಕೋಣೆ ಗುಡಿಸಿದವರ ಕೈಗೇ ಕೊಡಿ.

ಎಂಟನೆಯ ಹೆಜ್ಜೆ: ಬಾಗಿಲ ಹೊರಗೆ

ಇಷ್ಟು ಹಣ ಕೊಟ್ಟು ವೈಟ್ ಟೌನ್‌ನಲ್ಲಿ ಉಳಿಯುವುದರ ದೊಡ್ಡ ಲಾಭ ಬೆಳಗಿನ ಐದೂವರೆಯಿಂದ ಎಂಟರವರೆಗಿನ ಹೊತ್ತು. ಹೊರಗಿನಿಂದ ಬರುವವರಿಗೆ ಅದು ಸಿಗುವುದಿಲ್ಲ. ಕಾರು ಬಿಟ್ಟು ನಡೆಯಿರಿ. ಬೀಚ್ ರೋಡಿನಲ್ಲಿ ಗಾಂಧಿ ಪ್ರತಿಮೆ, 1836ರಲ್ಲಿ ಬೆಳಗಿದ ಹಳೆಯ ದೀಪಸ್ತಂಭ ನೋಡಿಕೊಂಡು ಭಾರತಿ ಉದ್ಯಾನಕ್ಕೆ ಬನ್ನಿ. ನಡುವಿನಲ್ಲಿ ಬಿಳಿಯ ಆಯಿ ಮಂಟಪವಿದೆ. ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಐತಿಹ್ಯದ ಪ್ರಕಾರ ವಿಜಯನಗರದ ಕೃಷ್ಣದೇವರಾಯ ಈ ಸೀಮೆಗೆ ಬಂದಾಗ ದೀಪಗಳಿಂದ ಬೆಳಗುತ್ತಿದ್ದ ಮನೆಯೊಂದನ್ನು ದೇವಾಲಯವೆಂದು ತಿಳಿದು ಕೈಮುಗಿದನಂತೆ. ಅದು ಆಯಿ ಎಂಬ ಗಣಿಕೆಯ ಮನೆ ಎಂದು ತಿಳಿದಾಗ ಸಿಟ್ಟಾಗಿ ಕೆಡವಲು ಆಜ್ಞಾಪಿಸಿದ. ಆಕೆ ತಾನೇ ಮನೆ ಕೆಡವಿ ಅಲ್ಲಿ ಊರಿಗೆಂದು ಕೆರೆ ತೋಡಿಸಿದಳು. ಶತಮಾನಗಳ ನಂತರ ಆ ಕೆರೆಯ ನೀರು ಊರಿಗೆ ಹರಿದು ಬಂದಾಗ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಅವಳ ನೆನಪಿಗೆ ಈ ಮಂಟಪ ಎದ್ದಿತು. ಪುದುಚೇರಿಯ ಲಾಂಛನದಲ್ಲಿ ಇರುವುದೂ ಇದೇ ಮಂಟಪ.

ಅಲ್ಲಿಂದ ಮಣಕುಳ ವಿನಾಯಕರ್ ಗುಡಿ, ಆಶ್ರಮ ಎರಡೂ ಕೂಗಳತೆಯಲ್ಲಿವೆ. ಆಶ್ರಮದೊಳಗೆ ಮೊಬೈಲ್ ಆರಿಸಿ, ಮಾತು ನಿಲ್ಲಿಸಿ. ತೀರಾ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಊರಾಚೆ ಹಲವು ದೇಶಗಳ ಜನ ಒಟ್ಟಿಗೆ ಬಾಳುವ ಆರೋವಿಲ್‌ಗೆ ಹೋಗಲು ಸ್ಕೂಟರ್ ಬಾಡಿಗೆಗೆ ಹಿಡಿಯುವುದಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ವಾಹನವನ್ನೇ ತೆಗೆದುಕೊಳ್ಳಿ, ಬಾಡಿಗೆಗೆ ಪರವಾನಗಿ ಇರುವುದು ಅದಕ್ಕೆ. ಹೆಲ್ಮೆಟ್ ಕೇಳಿ ಪಡೆಯಿರಿ.

ಚಿತ್ರ ತೆಗೆಯುವಾಗ ಒಂದು ಕೋರಿಕೆ. ಆ ಹಳದಿ ಬಾಗಿಲುಗಳ ಹಿಂದೆ ಇವತ್ತಿಗೂ ಜನ ಬಾಳುತ್ತಿದ್ದಾರೆ. ಅವರ ಮೆಟ್ಟಿಲ ಮೇಲೆ ಕುಳಿತು ಭಂಗಿ ಕೊಡುವುದು, ಕಿಟಕಿಯೊಳಗೆ ಇಣುಕುವುದು ನಮ್ಮ ಮನೆಯ ಮುಂದೆ ಯಾರಾದರೂ ಮಾಡಿದರೆ ನಾವು ಸಹಿಸುತ್ತೇವೆಯೇ? ಬೀದಿ ಚಂದ ಕಂಡಷ್ಟೂ ಅಲ್ಲಿನವರಿಗೆ ಅದು ಹೊರೆಯಾಗುತ್ತಿದೆ. ಅತಿಥಿಯಾದವರು ಬೆಳಗ್ಗೆ ಮತ್ತು ರಾತ್ರಿ ಹತ್ತರ ನಂತರ ಬೀದಿಯಲ್ಲಿ ದನಿ ತಗ್ಗಿಸಿದರೆ ಅದೇ ದೊಡ್ಡ ಉಪಕಾರ.

ಹೊರಡುವ ದಿನ

ಹಿಂದಿನ ರಾತ್ರಿಯೇ ಬಿಲ್ಲು ತರಿಸಿ ಓದಿ. ಬೆಳಗಿನ ಗಡಿಬಿಡಿಯಲ್ಲಿ ಕುಡಿಯದ ನೀರಿನ ಬಾಟಲಿ, ಬೇರೆ ಕೋಣೆಯ ಕಾಫಿ ಕಣ್ತಪ್ಪುತ್ತವೆ. ಕೋಣೆ ಬಿಡಬೇಕಾದದ್ದು ಹನ್ನೊಂದಕ್ಕೆ, ಬಸ್ಸು ರಾತ್ರಿ ಹತ್ತಕ್ಕೆ ಎಂದಾದರೆ ಚೀಲವನ್ನು ಅವರಲ್ಲೇ ಬಿಟ್ಟು, ಸಂಜೆ ಬಂದು ಅಂಗಳದಲ್ಲಿ ಕುಳಿತುಕೊಳ್ಳಬಹುದೇ ಎಂದು ಕೇಳಿ. ಬಸ್ ನಿಲ್ದಾಣ ಎರಡು ಮೂರು ಕಿಲೋಮೀಟರ್ ದೂರ. ಶನಿವಾರ, ಭಾನುವಾರ ಆಟೋ ಸಿಗಲು ಹೊತ್ತಾಗುತ್ತದೆ, ಒಂದು ಗಂಟೆ ಮೊದಲೇ ಹೊರಡಿ.

ಬೀಗದ ಕೈ ಹಿಂದಿರುಗಿಸುವ ಮುನ್ನ ಕೋಣೆಯ ಸಂಖ್ಯೆ, ಕಿಟಕಿ ಯಾವ ದಿಕ್ಕಿಗಿತ್ತು, ರಾತ್ರಿ ಸದ್ದು ಎಷ್ಟಿತ್ತು ಎಂಬುದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಹಿಡಿಸಿದ್ದರೆ ಮುಂದಿನ ಸಲ ಫೋನಿನಲ್ಲಿ ಆ ಕೋಣೆಯನ್ನೇ ಹೆಸರಿಸಿ ಕೇಳಬಹುದು. ನನ್ನ ಮೊಬೈಲಿನಲ್ಲಿ ಇರುವ ಟಿಪ್ಪಣಿ ಹೀಗಿದೆ: ಮೇಲಿನ ಮಹಡಿ, ಹಿಂಬದಿ, ಬೇವಿನ ಮರದ ಕಡೆಯ ಕಿಟಕಿ.